ಜನಾಂಗ ಇಲ್ಲ ಅಂದ್ಬಿಟ್ರೆ ಮುಗೀತಾ?

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ‘ಜನಾಂಗ ಎಂಬುದೇ ಇಲ್ಲ, ವಿಜ್ಞಾನ ಹೇಳಿದೆ’ ಎಂಬ ಲೇಖನ ಓದಿದೆ. ಚೆನ್ನಾಗೇ ಬರೆದಿದ್ದಾರೆ, ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಎಲ್ಲಿ ಶುರು ಮಾಡಬೇಕಿತ್ತೋ ಅಲ್ಲಿಗೇ ತಂದು ನಿಲ್ಲಿಸಿಬಿಟ್ಟಿದ್ದಾರೆ. ಅದಕ್ಕೇ ಈ ಪತ್ರ.

ಮೊದಲು ಪದದ್ದೇ ಒಂದು ತಕರಾರು. ನನ್ನ ಹೆಂಡತಿ ತಲೆಬರಹ ನೋಡಿ ‘ಜನಾಂಗ ಇಲ್ವಂತಾ? ಮತ್ತೆ ಸಮೀಕ್ಷೆಗೆ ಬಂದ ಮೇಷ್ಟ್ರು ಯಾವ ಜನಾಂಗ ಅಂತ ಯಾಕೆ ಕೇಳಿದ್ರು?’ ಅಂದಳು. ನ್ಯಾಯವಾದ ಪ್ರಶ್ನೆ. ಕನ್ನಡದಲ್ಲಿ ಜಾತಿಗೂ ಜನಾಂಗ ಅನ್ನುತ್ತೇವೆ, ಬುಡಕಟ್ಟಿಗೂ ಅನ್ನುತ್ತೇವೆ, ಹುಡುಗ ಹುಡುಗಿಯರೆಲ್ಲ ಸೇರಿದರೆ ಯುವಜನಾಂಗ, ಭೂಮಿ ಮೇಲಿನ ಎಲ್ಲರೂ ಸೇರಿದರೆ ಮಾನವ ಜನಾಂಗ. ‘ರೇಸ್’ ಅಂತ ಬರೆಯೋಣವೆಂದರೆ ನಮ್ಮಲ್ಲಿ ಅದು ಕುದುರೆ ರೇಸು! ಹಾಗಾಗಿ ಈ ಪತ್ರದಲ್ಲಿ ಜನಾಂಗ ಎಂದರೆ ಮೈಬಣ್ಣ, ಮೂಗು, ಕೂದಲು ನೋಡಿ ಬಿಳಿಯರು, ಕರಿಯರು ಅಂತ ಮಾಡುವ ಆ ದೊಡ್ಡ ಪಾಲು ಅಂತಲೇ ಓದಿಕೊಳ್ಳಿ.

ಲೇಖಕರು ಅಮೆರಿಕದ ತಳಿವಿಜ್ಞಾನಿ ರಿಚರ್ಡ್ ಲೆವೊಂಟಿನ್ ಅವರ 1972ರ ಲೆಕ್ಕ ಕೊಟ್ಟಿದ್ದಾರೆ. ಮನುಷ್ಯರ ನಡುವೆ ಇರುವ ವಂಶವಾಹಿ ವ್ಯತ್ಯಾಸದಲ್ಲಿ ಸುಮಾರು ಶೇ 85ರಷ್ಟು ಒಂದೊಂದು ಗುಂಪಿನ ಒಳಗೇ ಸಿಗುತ್ತದೆ, ಗುಂಪುಗಳ ನಡುವಿನದು ಸ್ವಲ್ಪವೇ. ಸರಿ. ಆದರೆ 2003ರಲ್ಲಿ ಎಡ್ವರ್ಡ್ಸ್ ಎಂಬ ಸಂಖ್ಯಾಶಾಸ್ತ್ರಜ್ಞರು ಇದಕ್ಕೆ ಉತ್ತರ ಕೊಟ್ಟಿದ್ದರು, ಅದನ್ನು ಲೇಖಕರು ಬಿಟ್ಟಿದ್ದಾರೆ. ಒಂದೊಂದೇ ವಂಶವಾಹಿ ನೋಡಿದರೆ ಏನೂ ಗೊತ್ತಾಗದು, ನೂರಾರನ್ನು ಒಟ್ಟಿಗೆ ನೋಡಿದರೆ ಈ ಮನುಷ್ಯನ ಹಿರಿಯರು ಯಾವ ಸೀಮೆಯವರು ಅಂತ ಹೇಳಬಹುದು ಎಂದರು. ಅದೂ ನಿಜವೇ. ಎರಡೂ ಹೇಗೆ ನಿಜ ಅಂತೀರಾ? ನಮ್ಮ ಕನ್ನಡವನ್ನೇ ನೋಡಿ. ಬೀದರಿನಿಂದ ಚಾಮರಾಜನಗರದವರೆಗೆ ಊರಿಂದ ಊರಿಗೆ ನಡೆದುಕೊಂಡು ಬನ್ನಿ, ಪಕ್ಕದ ಊರಿನವರ ಮಾತು ನಿಮಗೆ ಎಲ್ಲೂ ಬೇರೆ ಅನ್ನಿಸುವುದಿಲ್ಲ. ಬೀದರಿನವರನ್ನೂ ಚಾಮರಾಜನಗರದವರನ್ನೂ ಎದುರು ಬದುರು ಕೂರಿಸಿದರೆ ಮಾತ್ರ ಇಬ್ಬರೂ ಪಿಳಿಪಿಳಿ ನೋಡುತ್ತಾರೆ. ವ್ಯತ್ಯಾಸ ಇದೆ, ಬಾಯಿ ಬಿಟ್ಟರೆ ಊರು ಗೊತ್ತಾಗುತ್ತದೆ, ಆದರೆ ಇಲ್ಲಿಗೆ ಒಂದು ಕನ್ನಡ ಮುಗಿದು ಇನ್ನೊಂದು ಶುರುವಾಯಿತು ಅಂತ ಗೆರೆ ಎಳೆಯುವ ಜಾಗ ಯಾವ ಊರಲ್ಲೂ ಇಲ್ಲ. ಮನುಷ್ಯರ ಮೈಯೂ ಹಾಗೇ.

ಹಾಗಾದರೆ ಗೆರೆ ಎಳೆದವರು ಯಾರು? ಲೇಖನದಲ್ಲಿ ಈ ಪ್ರಶ್ನೆಯೇ ಇಲ್ಲ.

ಅಮೆರಿಕದಲ್ಲಿ ‘ಸ್ವತಂತ್ರ ಬಿಳಿಯ’ರು ಮಾತ್ರ ಅರ್ಜಿ ಹಾಕಿ ಪೌರತ್ವ ಪಡೆಯಬಹುದು ಎಂಬ ಕಾನೂನು ಬಂದಿದ್ದು 1790ರಲ್ಲಿ. 1870ರಲ್ಲಿ ಆಫ್ರಿಕಾ ಮೂಲದವರನ್ನೂ ಸೇರಿಸಿದರು. ನಡುವೆ ಉಳಿದವರ ಗತಿ? ತಕಾವೊ ಒಜಾವಾ ಎಂಬ ಜಪಾನಿನವರು ಸುಪ್ರೀಂ ಕೋರ್ಟಿನವರೆಗೆ ಹೋಗಿ ನಮ್ಮ ಮೈಯೂ ಬೆಳ್ಳಗೇ ಇದೆಯಲ್ಲ ಎಂದರು. 1922ರ ನವೆಂಬರಿನಲ್ಲಿ ಕೋರ್ಟು ಹೇಳಿತು: ಮೈಬಣ್ಣ ಲೆಕ್ಕಕ್ಕಿಲ್ಲ, ಬಿಳಿಯ ಎಂದರೆ ಕಾಕೇಷಿಯನ್ (ಯುರೋಪಿನವರನ್ನೂ ಅವರಂಥವರನ್ನೂ ಸೇರಿಸಿ ಆಗಿನ ವಿದ್ವಾಂಸರು ಇಟ್ಟಿದ್ದ ಜನಾಂಗದ ಹೆಸರು), ನೀವು ಅಲ್ಲ. ಮೂರೇ ತಿಂಗಳಿಗೆ, 1923ರ ಫೆಬ್ರುವರಿಯಲ್ಲಿ, ಪಂಜಾಬಿನ ಭಗತ್ ಸಿಂಗ್ ಥಿಂಡ್ ಅವರ ಕೇಸು ಬಂತು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದವರು. ನಿಮ್ಮ ವಿದ್ವಾಂಸರೇ ಉತ್ತರ ಭಾರತದವರನ್ನು ಕಾಕೇಷಿಯನ್ ಅಂತಾರೆ, ಹಾಗಾದರೆ ನಾನು ಬಿಳಿಯನೇ ಅಂತ ಅವರ ವಾದ. ಕೋರ್ಟು ಏನು ಮಾಡಿತು ಗೊತ್ತಾ? ವಿದ್ವಾಂಸರ ಮಾತು ಬಿಡಿ, ಬೀದಿಯ ಸಾಮಾನ್ಯ ಮನುಷ್ಯ ಯಾರನ್ನು ಬಿಳಿಯ ಅಂತಾನೋ ಅವನೇ ಬಿಳಿಯ ಎಂದಿತು! ಎರಡೂ ತೀರ್ಪು ಬರೆದದ್ದು ಒಬ್ಬರೇ ನ್ಯಾಯಮೂರ್ತಿ, ಜಾರ್ಜ್ ಸದರ್ಲೆಂಡ್. ಜಪಾನಿನವರನ್ನು ಹೊರಗಿಡಲು ವಿಜ್ಞಾನ, ನಮ್ಮವರನ್ನು ಹೊರಗಿಡಲು ಬೀದಿ ಮಾತು.

ಥಿಂಡ್ ಬಗ್ಗೆ ಪಾಪ ಅನ್ನಿಸುವಾಗಲೇ ಇನ್ನೊಂದು ವಿಷಯ ಚುಚ್ಚುತ್ತದೆ. ಅವರ ಪರವಾಗಿ ಕೋರ್ಟಿನಲ್ಲಿ ಮಂಡಿಸಿದ ವಾದದಲ್ಲಿ ಮೇಲ್ಜಾತಿಯ ಬಡಾಯಿಯೂ ಇತ್ತು, ನೀವು ನೀಗ್ರೋಗಳನ್ನು ಹೇಗೆ ದೂರ ಇಡುತ್ತೀರೋ ಹಾಗೆ ನಮ್ಮ ಮೇಲ್ಜಾತಿಯವರೂ ಭಾರತದ ಮೂಲನಿವಾಸಿಗಳನ್ನು ದೂರ ಇಡುತ್ತಾರೆ ಎಂಬ ಧಾಟಿಯಲ್ಲಿ. ಇಲ್ಲಿಂದ ಹೊತ್ತುಕೊಂಡು ಹೋದ ಸರಕು ಅಲ್ಲಿ ಖರ್ಚಾಗಲಿಲ್ಲ, ಅಷ್ಟೇ.

ಆ ತೀರ್ಪಿನ ಮೇಲೆ ಆಗಲೇ ಪೌರತ್ವ ಸಿಕ್ಕಿದ್ದ ಎಷ್ಟೋ ಭಾರತೀಯರಿಂದ ಅದನ್ನು ವಾಪಸು ಕಿತ್ತುಕೊಂಡರು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅಂಗಡಿ ಇಟ್ಟುಕೊಂಡಿದ್ದ ವೈಷ್ಣೋ ದಾಸ್ ಬಗಾಯ್ ಪೌರತ್ವದ ಜೊತೆ ಆಸ್ತಿಯನ್ನೂ ಕಳೆದುಕೊಂಡು 1928ರಲ್ಲಿ ಜೀವ ತೆಗೆದುಕೊಂಡರು. ಭಾರತೀಯರಿಗೆ ಮತ್ತೆ ಬಾಗಿಲು ತೆರೆದದ್ದು 1946ರಲ್ಲಿ. ಇಲ್ಲದೇ ಇರುವ ವಸ್ತು ಒಬ್ಬ ಮನುಷ್ಯನ ಅಂಗಡಿ, ಮನೆ, ಜೀವ ಎಲ್ಲ ತೆಗೆದುಕೊಂಡು ಹೋಯಿತು ಅಂತ ಹೇಳುವುದಕ್ಕೆ ನನಗಂತೂ ಬಾಯಿ ಬರುವುದಿಲ್ಲ. ರಕ್ತದಲ್ಲಿ ಇಲ್ಲ, ಸರಿ. ಕಾಗದದಲ್ಲಿ ಇತ್ತಲ್ಲ?

ಈ ಕಾಗದ ಎಷ್ಟು ಸಲ ಬದಲಾಗಿದೆ ನೋಡಿ. ಅಮೆರಿಕದ 1920, 30, 40ರ ಜನಗಣತಿಗಳಲ್ಲಿ ಭಾರತದವರ ಜನಾಂಗ ‘ಹಿಂದೂ’, ಸಿಖ್ಖರೂ ಮುಸ್ಲಿಮರೂ ಸೇರಿ. 1970ರಲ್ಲಿ ನಾವು ಬಿಳಿಯರ ಲೆಕ್ಕಕ್ಕೆ ಹೋದೆವು. 1980ರಲ್ಲಿ ‘ಏಷ್ಯನ್ ಇಂಡಿಯನ್’ ಆದೆವು. ಅಷ್ಟೂ ವರ್ಷ ಒಂದೇ ಮನೆಯಲ್ಲಿ ಬಾಳಿದ ಅಜ್ಜನೊಬ್ಬ ಮೈ ಹಾಗೇ ಇಟ್ಟುಕೊಂಡು ಮೂರು ಜನಾಂಗ ದಾಟಿರುತ್ತಾನೆ. ನನ್ನ ಮಗ ಅಲ್ಲಿದ್ದಾನೆ. ಮೊಮ್ಮಗಳನ್ನು ಶಾಲೆಗೆ ಸೇರಿಸುವ ಅರ್ಜಿಯಲ್ಲಿ ಈ ಕಾಲಂ ಬಂದಾಗ ಯೋಚನೆಯನ್ನೇ ಮಾಡದೆ ಟಿಕ್ ಹಾಕಿದ. ‘ನಿಂಗೆ ಹೆಂಗೆ ಗೊತ್ತಾಯ್ತೋ?’ ಅಂದೆ. ‘ಅಪ್ಪಾ, ಸುಮ್ನೆ ಇರಿ’ ಅಂದ.

ಅಮೆರಿಕದ ಕತೆ ಜಾಸ್ತಿ ಆಯಿತು, ನಮ್ಮ ಜಿಲ್ಲೆಗೆ ಬರುತ್ತೇನೆ. ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆ ಸಿದ್ದಿಗಳಿದ್ದಾರೆ. ಶತಮಾನಗಳ ಹಿಂದೆ ಆಫ್ರಿಕಾದಿಂದ ಗುಲಾಮರಾಗಿ ಬಂದವರ ಮಕ್ಕಳು ಮೊಮ್ಮಕ್ಕಳು. ಕೊಂಕಣಿ, ಕನ್ನಡ ಮಾತಾಡುತ್ತಾರೆ. ಅವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸ್ಲಿಮರಿದ್ದಾರೆ. 1987ರಲ್ಲಿ ಕ್ರೀಡಾ ಪ್ರಾಧಿಕಾರದವರು ಸಿದ್ದಿ ಮಕ್ಕಳನ್ನು ಆರಿಸಿಕೊಂಡು ಹೋಗಿ ಓಟಕ್ಕೆ ತಯಾರು ಮಾಡಿದರು, ಹಿಂದಿದ್ದ ಲೆಕ್ಕಾಚಾರ ಆಫ್ರಿಕಾದ ರಕ್ತ ಅಲ್ವಾ ಅಂತ. ಕೆಲವರು ಪದಕ ತಂದರು, ಖುಷಿಯ ವಿಷಯ. ಕೆಲವೇ ವರ್ಷದಲ್ಲಿ ಯೋಜನೆ ನಿಂತು ಮಕ್ಕಳು ಮನೆಗೆ ಬಂದರು. ಆದರೆ ಆಫ್ರಿಕಾ ಎಂದರೆ ಒಂದೇ ರಕ್ತವೇ? ಜಗತ್ತಿನಲ್ಲೇ ವಂಶವಾಹಿ ವೈವಿಧ್ಯ ಅತಿ ಹೆಚ್ಚು ಇರುವುದು ಅಲ್ಲಿ. ದೂರದ ಓಟಕ್ಕೆ ಹೆಸರಾದ ಕೀನ್ಯಾದವರಲ್ಲಿ ಹೆಚ್ಚಿನವರು ಎತ್ತರದ ಸೀಮೆಯ ಕಲೆಂಜಿನ್ ಜನ, ಸಿದ್ದಿಗಳ ಹಿರಿಯರು ಹೆಚ್ಚಾಗಿ ಆಫ್ರಿಕಾದ ಬಂಟು ಎಂಬ ಭಾಷಾಗುಂಪಿನ ಕಡೆಯವರು. ಎರಡನ್ನೂ ಒಂದು ಮಾಡಿದ್ದು ನೋಡುವ ಕಣ್ಣು.

ಆ ಕಣ್ಣು ಈಗಲೂ ಇದೆ. ನಮ್ಮ ತೋಟದ ಕೆಲಸಕ್ಕೆ ಬರುವ ಸಿದ್ದಿಯವರ ಮಗ ಬೆಂಗಳೂರಿನಲ್ಲಿ ಬಾಡಿಗೆ ರೂಮು ಹುಡುಕಲು ಹೋದ. ಫೋನಿನಲ್ಲಿ ಕನ್ನಡ ಕೇಳಿ ಬಾ ಅಂದವರು ಬಾಗಿಲಲ್ಲಿ ಮುಖ ನೋಡಿ ‘ವೀಸಾ ತೋರಿಸು’ ಅಂದರಂತೆ. ಹುಡುಗ ಜಾತಿ ಪ್ರಮಾಣಪತ್ರ ತೋರಿಸಿದ. ಸಿದ್ದಿಗಳನ್ನು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದಾರೆ ನೋಡಿ. ರೂಮು ಆಗ ಬೇರೆಯವರಿಗೆ ಕೊಟ್ಟಾಗಿತ್ತಂತೆ! ಜನಾಂಗ ಇಲ್ಲ ಅಂತ ಈ ಹುಡುಗನಿಗೆ ನಿಮ್ಮ ಲೇಖನ ಓದಿ ಹೇಳಲೇ? ಹೇಳಬೇಕಾದದ್ದು ಆ ಮನೆ ಓನರಿಗೆ, ಅವರು ಪುರವಣಿ ಓದುತ್ತಾರೋ ಇಲ್ಲವೋ.

ಕೊನೆಗೊಂದು ಮಾತು. ಜನಾಂಗವೇ ಇಲ್ಲ ಎನ್ನುವ ಆ ಲೇಖನದ ಪಕ್ಕ ನಿಮ್ಮ ಕಲಾವಿದರು ಒಂದು ಚಿತ್ರ ಬರೆದಿದ್ದಾರೆ. ನಾಲ್ಕು ಮುಖ, ನಾಲ್ಕು ಬಣ್ಣ, ನಾಲ್ಕು ಥರದ ಮೂಗು. ಮೊದಲನೆಯದು ಬಿಳಿ.

ಇತಿ,
ಯಲ್ಲಾಪುರ ಕಡೆಯ ಒಬ್ಬ ಓದುಗ