ಚೋರ್ಲಾ ಇಳಿಯುವ ಮುನ್ನ

ಮಾಪುಸಾ

ಚಿ. ಮಗಳಿಗೆ ಅಪ್ಪನ ಆಶೀರ್ವಾದಗಳು.

ಫೋನಿನಲ್ಲಿ ಹೇಳಿದರೆ ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಬರೆದು ಬೆಳಗಾವಿ ಬಸ್ಸಿನ ಕಂಡಕ್ಟರರ ಕೈಗೆ ಕೊಟ್ಟಿದ್ದೇನೆ. ನಿನ್ನೆ ನನ್ನ ದನಿ ಏರಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಅವ್ವ ಇನ್ನೂ ನನ್ನೊಡನೆ ಮಾತಾಡಿಲ್ಲ. ನೀನು ವ್ಯಾನ್ ತಿರುಗಿಸಿಕೊಂಡು ಹೋದದ್ದನ್ನು ಮಾರುಕಟ್ಟೆಯವರೆಲ್ಲ ಹೊಗಳಿದರು. ನಾನು ಏನೂ ಗೊತ್ತಿಲ್ಲದವನಂತೆ ಚಹಾ ಕುಡಿದೆ.

ಚೋರ್ಲಾ ಘಾಟಿಯಲ್ಲಿ ಖಾಲಿ ಗಾಡಿ ಹತ್ತಿಸುವುದು ಬೇರೆ, ತರಕಾರಿ ಹೇರಿಕೊಂಡು ಘಾಟಿಯ ಬುಡದ ಕೇರಿ ಎಂಬ ಊರಿನವರೆಗೆ ಇಳಿಸುವುದು ಬೇರೆ. ‘ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿದರೆ ಡೀಸೆಲ್ ಉಳಿಯುತ್ತದೆ’ ಎಂದೆಯಲ್ಲ, ಆ ಮಾತು ರಾತ್ರಿಯೆಲ್ಲ ನಿದ್ದೆ ಕೆಡಿಸಿತು. ಉಳಿಯುವುದಿಲ್ಲ. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಈಗಿನ ಎಂಜಿನ್ ಡೀಸೆಲ್ ಕುಡಿಯುವುದನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಿ ಆರದಿರಲು ಕುಡಿಯುತ್ತಲೇ ಇರಬೇಕು. ಲೆಕ್ಕದಲ್ಲಿ ಜಾಣೆ ನೀನು, ಇದನ್ನೂ ಲೆಕ್ಕ ಹಾಕು. ಡೀಸೆಲ್ ಹಾಳಾಗಲಿ, ನ್ಯೂಟ್ರಲ್ ಹಾಕಿದೊಡನೆ ಹೊರೆಯೆಲ್ಲ ಬ್ರೇಕಿನ ಮೇಲೆ. ಬ್ರೇಕಿನಲ್ಲಿ ಉಜ್ಜುವ ಪಟ್ಟಿ, ಅದೇ ಲೈನರ್, ಕಾದರೆ ಹಿಡಿತ ಸಡಿಲುತ್ತದೆ. ಬ್ರೇಕ್ ಆಯಿಲ್ ಕುದಿದರೆ ಕೊಳವೆಯಲ್ಲಿ ಆವಿ ತುಂಬುತ್ತದೆ. ಪೆಡಲ್ ತಳ ಮುಟ್ಟಿದರೂ ಗಾಡಿ ನಿಲ್ಲುವುದಿಲ್ಲ. ಹೊಸ ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ 205 ಡಿಗ್ರಿಯವರೆಗಾದರೂ ತಾಳುತ್ತದೆ, ತೇವ ಹೀರಿದ ಮೇಲೆ 140ರ ಆಸುಪಾಸಿನಲ್ಲೇ ಕುದಿಯಬಹುದು. ಗೋವೆಯ ಮಳೆಗಾಲದಲ್ಲಿ ಉಪ್ಪೇ ನೀರಾಗುತ್ತದೆ! ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸು ಎಂದರೆ ನಿನಗೆ ದಂಡದ ಖರ್ಚು ಎನಿಸುತ್ತದೆ.

ಕಣಕುಂಬಿ ದಾಟಿ ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸು. ಹತ್ತುವಾಗ ಯಾವ ಗೇರಿತ್ತೋ ಇಳಿಯುವಾಗಲೂ ಅದೇ, ಹೊರೆಯಿದ್ದರೆ ಇನ್ನೂ ಒಂದು ಕೆಳಗೆ. ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಬರಬೇಡ. ಒತ್ತಿ ವೇಗ ತಗ್ಗಿಸು, ಬಿಡು, ಆರಲಿ. ಇಳಿಯುತ್ತಿರುವಾಗ ಎಂಜಿನ್ ಆರಿಸಲೇಬೇಡ, ಒಂದೆರಡು ತುಳಿತಕ್ಕೆ ಬ್ರೇಕ್ ಒತ್ತಲು ನೆರವಾಗುವ ಬೂಸ್ಟರಿನ ಬಲ ಮುಗಿದು ಪೆಡಲ್ ಕಲ್ಲಾಗುತ್ತದೆ. ಸುಟ್ಟ ವಾಸನೆ ಬಂದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ, ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡು. ನೀರು ಹೊಯ್ಯಬೇಡ, ಕಾದ ಬ್ರೇಕ್ ಡ್ರಮ್ ಬಿರುಕು ಬಿಡಬಹುದು. ಒಂದೇ ಚಕ್ರ ಕಾದಿದ್ದರೆ ಬ್ರೇಕ್ ಅಂಟಿಕೊಂಡಿದೆ ಎಂದರ್ಥ, ಮೆಕ್ಯಾನಿಕ್‌ಗೆ ತೋರಿಸದೆ ಮುಂದೆ ಬರಬೇಡ.

ಮತ್ತೆ ಪಾಠ ಶುರುವಾಯಿತು ಎನ್ನುತ್ತೀಯ. ಎನ್ನು. ನ್ಯೂಟ್ರಲ್ ಮಾತ್ರ ಹಾಕಬೇಡ.

ಇನ್ನೆರಡು ಮೂಟೆ ಹಿಡಿಯುತ್ತದೆ ಎಂದು ದಲಾಲರು ಒತ್ತಾಯ ಮಾಡುತ್ತಾರೆ, ಆಗುವುದಿಲ್ಲವೆನ್ನು. ಅವರೆದುರು ಹಾಗೆ ಹೇಳುವ ಗಟ್ಟಿ ಬಾಯಿ ನಿನಗಿದೆ, ನನಗೆ ಬರಲಿಲ್ಲ. ಸಾಖಳಿ ಮುಟ್ಟಿದೊಡನೆ ಫೋನ್ ಮಾಡು. ನನಗೆ ಮಾಡದಿದ್ದರೆ ಅವ್ವನಿಗಾದರೂ ಮಾಡು.

ನಿನ್ನ ಅಪ್ಪ