ಕೊಡಗಿನ ಮಕ್ಕಳಿಗೆ ಲೋಕಾಪುರದ ಸುಣ್ಣಕಲ್ಲು ತೋರಿಸಿ

ಮಾನ್ಯ ಸಂಪಾದಕರೇ,

ನಮ್ಮ ಕಡೆಯ ಬೆಳೆಗಾರರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಈಚೆಗೆ ಒಂದು ಫೋಟೊ ಓಡಾಡುತ್ತಿದೆ. ತೋಟದ ಮಣ್ಣು ಅಗೆದಾಗ ಸಿಕ್ಕ ಕಪ್ಪೆಚಿಪ್ಪುಗಳು. ಕೆಳಗೆ ‘ಕೊಡಗು ಒಂದು ಕಾಲಕ್ಕೆ ಸಮುದ್ರವಾಗಿತ್ತು, ಇಗೋ ಸಾಕ್ಷಿ’ ಅಂತ ಬರಹ. ನನ್ನ ಹಳೆಯ ವಿದ್ಯಾರ್ಥಿಗಳೇ ಅದನ್ನು ಕಳಿಸಿ ‘ನಿಜವಾ ಮೇಡಂ?’ ಎಂದು ಕೇಳುತ್ತಿದ್ದಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಜೊತೆಗೆ ಶಾಲೆಗಳ ಮುಂದೆ ಒಂದು ಕೋರಿಕೆಯನ್ನೂ ಇಡುತ್ತೇನೆ.

ಆ ಚಿಪ್ಪುಗಳು ಇಲ್ಲಿಗೆ ಬಂದದ್ದು ಚೀಲದಲ್ಲಿ. ಘಟ್ಟದ ಕೆಳಗೆ ಅಳಿವೆಗಳಲ್ಲಿ ಚಿಪ್ಪು ಆಯ್ದು, ಸುಟ್ಟು, ಸುಣ್ಣ ಮಾಡುತ್ತಿದ್ದರು. ನಮ್ಮ ಮನೆಗೂ ಮೊದಲು ಅದೇ ಚಿಪ್ಪುಸುಣ್ಣ ಬರುತ್ತಿತ್ತು. ಸರಿಯಾಗಿ ಬೇಯದ ಚಿಪ್ಪುಗಳನ್ನು ಸೋಸಿ ತೆಗೆದು ತೋಟಕ್ಕೆ ಚೆಲ್ಲುತ್ತಿದ್ದರು. ಫೋಟೊವನ್ನು ದೊಡ್ಡದು ಮಾಡಿ ನೋಡಿ: ಚಿಪ್ಪುಗಳು ಮಣ್ಣಿನಲ್ಲಿ ಬಿಡಿಬಿಡಿಯಾಗಿ ಬಿದ್ದಿವೆ, ಕಲ್ಲಿನೊಳಗೆ ಕೂತಿಲ್ಲ. ನಮ್ಮದು ಹುಳಿ ಮಣ್ಣು ಬೇರೆ. ಇಷ್ಟು ಮಳೆ ಸುರಿಯುವ ಕಡೆ ಬರಿ ಮಣ್ಣಿನಲ್ಲಿ ಬಿದ್ದ ಚಿಪ್ಪು ಕೋಟ್ಯಂತರ ವರ್ಷ ಉಳಿಯುವ ಮಾತೇ ಇಲ್ಲ, ಕರಗಿಹೋಗುತ್ತದೆ.

ಇನ್ನು ನಮ್ಮ ಬೆಟ್ಟಗಳ ಕಲ್ಲು. ಕೊಡಗಿನ ಬಂಡೆಗಳಲ್ಲಿ ಬಹುಪಾಲು 300 ಕೋಟಿ ವರ್ಷಕ್ಕೂ ಹಳೆಯವು. ಭೂಮಿಯ ಆಳದಲ್ಲಿ ಬೆಂದು, ಒತ್ತಡಕ್ಕೆ ಸಿಕ್ಕಿ ಗಟ್ಟಿಯಾದ ನೈಸ್, ಚಾರ್ನೊಕೈಟ್ ಜಾತಿಯ ಕಲ್ಲುಗಳು. ಗಟ್ಟಿ ಚಿಪ್ಪಿನ ಪ್ರಾಣಿಗಳು ಸಮುದ್ರದಲ್ಲಿ ಹೆಚ್ಚಿದ್ದು ಸುಮಾರು 54 ಕೋಟಿ ವರ್ಷಗಳ ಹಿಂದೆ. ಅಷ್ಟು ಹಳೆಯ ಬಂಡೆಯಲ್ಲಿ ಕಪ್ಪೆಚಿಪ್ಪು ಹುಡುಕಿದರೆ ಎಲ್ಲಿಂದ ಸಿಗಬೇಕು?

ಹಾಗಂತ ಹಳೆಯ ಸಮುದ್ರ ನಮ್ಮ ತೋಟಕ್ಕೆ ಬಂದೇ ಇಲ್ಲ ಅಂತಲ್ಲ. ಮಳೆ ಮಣ್ಣಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ತೊಳೆದುಕೊಂಡು ಹೋಗುತ್ತದೆ ಅಂತ ನಾವು ಕಾಫಿ ಗಿಡಗಳ ಬುಡಕ್ಕೆ ಸುಣ್ಣ, ಡೋಲೊಮೈಟ್ (ಮೆಗ್ನೀಸಿಯಂ ಬೆರೆತ ಸುಣ್ಣಕಲ್ಲು) ಪುಡಿ ಹಾಕುತ್ತೇವಲ್ಲ, ಅದು ಹಳೆಯ ಸಮುದ್ರದ ತಳವೇ. ಗಿಡಗಳ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಮಾಡಲು ಮೈಲುತುತ್ತದ ಜೊತೆ ಕಲಸುವ ಸುಣ್ಣವೂ ಅಷ್ಟೇ, ಸುಣ್ಣಕಲ್ಲು ಸುಟ್ಟು ಮಾಡಿದ್ದಾದರೆ. ಮನೆಗೆ ಹಾಸಿದ ಶಹಾಬಾದ್ ಕಲ್ಲೂ ಹಾಗೆಯೇ.

ನನ್ನ ಮೇಜಿನ ಮೇಲೆ ಬಾಗಲಕೋಟೆ ಜಿಲ್ಲೆಯ ಲೋಕಾಪುರ ಕಡೆಯ ಒಂದು ಸುಣ್ಣಕಲ್ಲಿನ ತುಂಡಿದೆ. ಒಡೆದು ಬಿಸಾಡಿದ್ದ ಕಲ್ಲಿನ ರಾಶಿಯಿಂದ ಕೇಳಿ ತಂದದ್ದು. ಒಣಗಿದ್ದಾಗ ಸುಮ್ನೆ ಬೂದು ಕಲ್ಲು, ಯಾರೂ ಎರಡನೇ ಸಲ ನೋಡುವುದಿಲ್ಲ. ಕೊಯ್ದ ಮುಖಕ್ಕೆ ನೀರು ಸವರಿದರೆ ಗೆರೆಗಳು ಎದ್ದು ಕಾಣುತ್ತವೆ. ಎಲೆಕೋಸನ್ನು ಅಡ್ಡ ಸೀಳಿದ ಹಾಗೆ, ಉಗುರಿಗಿಂತ ತೆಳ್ಳಗಿನ ಪದರಗಳು ಒಂದರ ಮೇಲೊಂದು ಗುಮ್ಮಟವಾಗಿ ಬೆಳೆದಿವೆ. ಉಬ್ಬು ಇರುವ ಕಡೆ ಮೇಲುಗಡೆ. ಕಲ್ಲನ್ನು ಯಾರು ಹೇಗೆ ತಿರುಗಿಸಿಟ್ಟರೂ ಆವತ್ತು ಬೆಳಕು ಯಾವ ಕಡೆಯಿಂದ ಬೀಳುತ್ತಿತ್ತು ಎಂದು ಹೇಳಬಹುದು. ಎರಡು ಗುಮ್ಮಟಗಳ ನಡುವಿನ ಸಂದಿಯಲ್ಲಿ ಚಪ್ಪಟೆ ಚೂರುಗಳು ಅಡ್ಡಾದಿಡ್ಡಿ ಸಿಕ್ಕಿಕೊಂಡಿವೆ. ಅಲೆ ಬಡಿದು ಮುರಿದ ಪದರಗಳವು. ಅಲೆ ತಳ ಮುಟ್ಟುತ್ತಿತ್ತು ಅಂದರೆ ನೀರು ಆಳವಿರಲಿಲ್ಲ.

ಇದಕ್ಕೆ ಸ್ಟ್ರೊಮಾಟೊಲೈಟ್ ಎನ್ನುತ್ತಾರೆ. ಕಟ್ಟಿದ್ದು ಸಯನೊಬ್ಯಾಕ್ಟೀರಿಯಾ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು. ಬಿಸಿಲು ತಾಗುವ ಆಳದಲ್ಲಿ ಅವು ಅಂಟಂಟು ಹಾಸಾಗಿ ಹರಡುತ್ತವೆ. ನೀರಿನಿಂದ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡಾಗ ನೀರಿನ ಹುಳಿ ಕಡಿಮೆಯಾಗಿ, ಕರಗಿದ್ದ ಸುಣ್ಣ ಅಲ್ಲೇ ಗಟ್ಟಿಯಾಗುತ್ತದೆ. ತೇಲಿ ಬಂದ ಸುಣ್ಣದ ಕಣಗಳೂ ಅಂಟಿಕೊಳ್ಳುತ್ತವೆ. ಮೇಲೆ ಮಣ್ಣು ಕೂತರೆ ಬೆಳಕು ಹುಡುಕಿ ಅದನ್ನು ದಾಟಿ ಬಂದು ಇನ್ನೊಂದು ಹಾಸು ಹಾಸುತ್ತವೆ. ಲೋಕಾಪುರದ ಕಲ್ಲು 100 ಕೋಟಿ ವರ್ಷಕ್ಕೂ ಹಿಂದಿನದು. ಆಗ ಮೀನಿಲ್ಲ, ಹವಳವಿಲ್ಲ, ಚಿಪ್ಪಿಲ್ಲ. ಒಂದು ಇಡೀ ಸಮುದ್ರದ ತಳವನ್ನು ಕಟ್ಟಿದ್ದು ಈ ಹಾಸುಗಳೇ. ಗಾಳಿಗೆ ಆಮ್ಲಜನಕ ತುಂಬಿದ್ದೂ ಇವುಗಳ ಪೂರ್ವಜರೇ. ಇವತ್ತಿಗೂ ಬೆಳೆಯುತ್ತಿರುವ ಸ್ಟ್ರೊಮಾಟೊಲೈಟ್ ನೋಡಬೇಕಾದರೆ ಆಸ್ಟ್ರೇಲಿಯಾದ ಶಾರ್ಕ್ ಬೇಯಂಥ ಕೆಲವೇ ಜಾಗಗಳಿಗೆ ಹೋಗಬೇಕು. ಶಾರ್ಕ್ ಬೇಯಲ್ಲಿ ಇವು ಬೆಳೆಯುವ ಕಡೆ ನೀರು ಸಾಮಾನ್ಯ ಸಮುದ್ರಕ್ಕಿಂತ ಎರಡು ಪಟ್ಟು ಉಪ್ಪು. ಇವನ್ನು ಮೇಯುವ ಶಂಖದ ಹುಳುಗಳಿಗೆ ಅಲ್ಲಿ ಬದುಕುವುದೇ ಕಷ್ಟ.

ಸುಣ್ಣಕಲ್ಲು ಹೀಗೆ ದಪ್ಪವಾಗಿ ಬೆಳೆಯಲು ಬೆಚ್ಚಗಿನ, ಆಳವಿಲ್ಲದ, ತಿಳಿಯಾದ ನೀರು ಬೇಕು. ಬಹಾಮಾಸ್ ಸುತ್ತ ಇಂದೂ ಅಂಥ ಸಮುದ್ರವಿದೆ. ವಿಶಾಲವಾದ ತಟ್ಟೆ ನೆಲ, ಹೆಚ್ಚಿನ ಕಡೆ ಹತ್ತು ಮೀಟರ್ ಆಳವೂ ಇಲ್ಲ, ತಳವೆಲ್ಲ ಬಿಳಿ ಸುಣ್ಣದ ಕೆಸರು. ನಮಗೆ ಹತ್ತಿರ ಅಂದರೆ ಲಕ್ಷದ್ವೀಪ. ಅಲ್ಲಿನ ಬಿಳಿ ಮರಳು ಬಂಡೆಯ ಪುಡಿಯಲ್ಲ, ಹವಳ ಮತ್ತು ಚಿಪ್ಪಿನ ಪುಡಿ. ಹಾಗಾದರೆ ಮಂಗಳೂರು, ಕಣ್ಣೂರು ತೀರದಲ್ಲಿ ಯಾಕಿಲ್ಲ ಅಂತ ಮಕ್ಕಳು ಕೇಳುತ್ತಾರೆ. ಉತ್ತರ ನಮ್ಮ ಜಿಲ್ಲೆಯಲ್ಲೇ ಇದೆ. ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆಗೆ ಬರಪೊಳೆ, ಪಯಸ್ವಿನಿ ಕೆಂಪಾಗಿ ಹರಿಯುತ್ತವೆ. ಆ ಮಣ್ಣೆಲ್ಲ ಪಶ್ಚಿಮದ ಕಡಲಿಗೆ ಸೇರುತ್ತದೆ. ನೀರು ಕದಡಿದರೆ ಬೆಳಕು ತಳ ಮುಟ್ಟುವುದಿಲ್ಲ, ಕೆಸರು ಹವಳವನ್ನು ಮುಚ್ಚುತ್ತದೆ.

ಕಲ್ಲಿನೊಳಗೆ ಕೂತ ನಿಜವಾದ ಚಿಪ್ಪು ನೋಡುವ ಆಸೆ ಇದ್ದವರು ತಮಿಳುನಾಡಿನ ಅರಿಯಲೂರಿಗೆ ಹೋಗಿ. ಸುಮಾರು 7 ಕೋಟಿ ವರ್ಷಗಳ ಹಿಂದೆ ಸಮುದ್ರ ಅಲ್ಲಿ ಒಳನಾಡಿಗೆ ಬಂದಿತ್ತು. ಅಲ್ಲಿನ ಸುಣ್ಣಕಲ್ಲಿನಲ್ಲಿ ದಪ್ಪ ಸಿಂಪಿಗಳು ಒತ್ತೊತ್ತಾಗಿ ತುಂಬಿವೆ. ಫರ್ಡಿನಾಂಡ್ ಸ್ಟೊಲಿಕ್ಜ್ಕಾ ಎಂಬ ವಿಜ್ಞಾನಿ 1860ರ ದಶಕದಲ್ಲೇ ಆ ಪ್ರದೇಶದ ಪಳೆಯುಳಿಕೆಗಳನ್ನು ವಿವರವಾಗಿ ದಾಖಲಿಸಿದ್ದರು.

ಈಗ ಕೋರಿಕೆ. ನಮ್ಮ ಜಿಲ್ಲೆಯ ಎಷ್ಟೋ ಶಾಲೆಗಳು ಡಿಸೆಂಬರ್ ಪ್ರವಾಸಕ್ಕೆ ಬಾದಾಮಿ, ಐಹೊಳೆ, ಪಟ್ಟದಕಲ್ಲಿಗೆ ಹೋಗುತ್ತವೆ. ಲೋಕಾಪುರ ಇರುವುದೂ ಅದೇ ಬಾಗಲಕೋಟೆ ಜಿಲ್ಲೆಯಲ್ಲಿ. ಅರ್ಧ ದಿನ ಜಾಸ್ತಿ ಇಟ್ಟುಕೊಂಡರೆ ಸಾಕು. ಮೊದಲೇ ಅನುಮತಿ ಕೇಳಿ, ಸ್ಥಳ ಬಲ್ಲ ಭೂವಿಜ್ಞಾನ ಅಧ್ಯಾಪಕರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಒಂದು ಬಾಟಲಿ ನೀರು, ಒಂದು ಭೂತಗನ್ನಡಿ, ಒಂದು ನಿಂಬೆಹಣ್ಣು ಇರಲಿ. ನಿಂಬೆರಸ ಬಿಟ್ಟರೆ ಸುಣ್ಣಕಲ್ಲು ಸಣ್ಣಗೆ ನೊರೆ ಬಿಡುತ್ತದೆ. ಡೋಲೊಮೈಟ್ ಅಷ್ಟು ಬೇಗ ಬಿಡುವುದಿಲ್ಲ, ಗೀರಿ ಪುಡಿ ಮಾಡಿ ನೋಡಬೇಕು. ಮಕ್ಕಳು ಇದನ್ನು ಕೈಯಾರೆ ಮಾಡಲಿ. ಬಿದ್ದ ಚೂರಿನ ಮೇಲೆ ಮಾಡಲಿ, ನಿಂತ ಬಂಡೆಯನ್ನು ಒಡೆಯುವುದು ಬೇಡ.

ಇನ್ನೊಂದು ಮಾತು ಸರ್ಕಾರಕ್ಕೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಗುರುತಿಸಿದ ರಾಷ್ಟ್ರೀಯ ಭೂಸ್ಮಾರಕಗಳಲ್ಲಿ ಲಾಲ್‌ಬಾಗ್ ಬಂಡೆ, ಮರಡಿಹಳ್ಳಿಯ ದಿಂಬಿನಾಕಾರದ ಲಾವಾ ಕಲ್ಲು, ಮಲ್ಪೆಯ ಸೇಂಟ್ ಮೇರೀಸ್ ದ್ವೀಪ ಇವೆ. ರಾಜಸ್ಥಾನದ ಭೋಜುಂಡಾದಲ್ಲಿ ಸ್ಟ್ರೊಮಾಟೊಲೈಟ್ ಉದ್ಯಾನವೇ ಇದೆ. ನಮ್ಮ ರಾಜ್ಯದ ಸ್ಟ್ರೊಮಾಟೊಲೈಟ್‌ಗಳಿಗೂ ಅಂಥ ಜಾಗ ಸಿಗಬೇಕಲ್ವಾ? ಚಿತ್ರದುರ್ಗ ಜಿಲ್ಲೆಯ ಮಾರಿಕಣಿವೆ ಕಡೆಯವು ಲೋಕಾಪುರಕ್ಕಿಂತಲೂ ಹಳೆಯವು, 250 ಕೋಟಿ ವರ್ಷ ದಾಟಿದವು. ಸುಣ್ಣಕಲ್ಲಿನಿಂದ ಮಾಡುವ ಸಿಮೆಂಟ್ ಬೇಡ ಅಂತ ನಾನು ಹೇಳುತ್ತಿಲ್ಲ, ನಮ್ಮ ಮನೆಗಳೂ ಸಿಮೆಂಟಿನವೇ. ಆದರೆ ಒಳ್ಳೆಯ ಗುಮ್ಮಟಗಳಿರುವ ಒಂದೆರಡು ಎಕರೆಗೆ ಬೇಲಿ ಹಾಕಿ, ಕನ್ನಡದಲ್ಲಿ ಒಂದು ಫಲಕ ನಿಲ್ಲಿಸಲಿ. ಗಣಿಯಲ್ಲಿ ಹೇಗೂ ಒಡೆದು ಬಿದ್ದ ಕಲ್ಲುಗಳಲ್ಲಿ ಚೆನ್ನಾಗಿರುವುದನ್ನು ಆರಿಸಿ, ಒಂದು ಮುಖ ಕೊಯ್ದು, ಜಿಲ್ಲೆಗೊಂದರಂತೆ ಕಳಿಸಿದರೆ ಖರ್ಚು ಲಾರಿ ಬಾಡಿಗೆಯಷ್ಟೇ. ಕೊಡಗಿನ ಪಾಲಿನ ಕಲ್ಲನ್ನು ಮಡಿಕೇರಿಯಲ್ಲಿ ಎಲ್ಲ ಮಕ್ಕಳೂ ಮುಟ್ಟುವಂಥ ಜಾಗದಲ್ಲಿ ಇಡಲಿ, ಗಾಜಿನ ಪೆಟ್ಟಿಗೆಯೊಳಗೆ ಬೇಡ.

— ನಿವೃತ್ತ ವಿಜ್ಞಾನ ಶಿಕ್ಷಕಿ ಮತ್ತು ಕಾಫಿ ಬೆಳೆಗಾರ್ತಿ, ಶಾಂತಳ್ಳಿ, ಸೋಮವಾರಪೇಟೆ ತಾಲ್ಲೂಕು