ತಾಂಡಾದ ಮಾತು ಸಾಲಿಗೂ ಬರ್ಲಿ

ಸಂಪಾದಕರಿಗೆ ನಮಸ್ಕಾರ,

ಅಮೆರಿಕಾದ ಕ್ಯಾಲಿಫೋರ್ನಿಯಾ-ಓರೆಗಾನ್ ಗಡಿಯಾಗ, ಸ್ಮಿತ್ ನದಿ ಸಮುದ್ರ ಸೇರೋ ಕಡೆ ತೊಲೋವಾ ಅಂತ ಮೂಲನಿವಾಸಿ ಜನ ಅದಾರ್ರಿ, ರೆಡ್‌ವುಡ್ ಮರ ಕೊರೆದು ದೋಣಿ ಮಾಡೋರು, ದಂಡಿ ಉಸುಕಿನ ಮ್ಯಾಲೆ ಸ್ಮೆಲ್ಟ್ ಮೀನ ಒಣಗಿಸೋರು. 1853ರಾಗ ಯಾಂಟಾಕೆಟ್ ಊರಾಗ, ಜಗತ್ತು ಹೊಸದಾಗ್ಲಿ ಅಂತ ಕುಣಿಯೋ ಹಬ್ಬಕ್ಕ ಕೂಡಿದ್ದಾಗ ಬಿಳಿಯರು ಸುತ್ತುಗಟ್ಟಿ ನೂರಾರು ಮಂದೀನ ಕೊಂದ್ರು. ಮುಂದ ಬೋರ್ಡಿಂಗ್ ಸಾಲ್ಯಾಗ ಮಕ್ಕಳು ತಮ್ಮ ಮಾತು ಆಡಿದ್ರ ಶಿಕ್ಷೆ. ಓದಿ ಹೊಟ್ಟಿ ಉರೀತ್ರಿ. ಆದ್ರೂ ಅದೇ ತೊಲೋವಾ ಜನದ ಲೋರೆನ್ ಬೊಮ್ಮೆಲಿನ್ ಅನ್ನೋರು ಹಿರೇರ ಕಡಿಂದ ಕಲ್ತು, ಹೈಸ್ಕೂಲ್‌ನ್ಯಾಗ ಅದೇ ಮಾತು ಕಲಿಸಿದ್ರು.

ನಮ್ಮ ಕಲಬುರಗಿ ತಾಂಡಾಗಳಾಗ ಲಂಬಾಣಿ ಅಷ್ಟೇ ಬರೋ ಹುಡುಗಿ ಒಂದ್ನೇತ್ತಕ್ಕ ಬಂದ್ರ, ಮಾಸ್ತರ್ ಕೇಳಿದ್ದು ತಿಳೀದೆ ಸುಮ್ನ ಕೂಡ್ತಾಳ. ವಾರಕ್ಕ ಒಂದು ಪೀರಿಯಡ್ ಆದ್ರೂ ಲಂಬಾಣಿ ಹಾಡು, ಕಥಿ ಇರ್ಲಿ, ಹೇಳಾಕ ತಾಂಡಾದ ಅಜ್ಜಿಗೋಳ್ನೇ ಕರೀರಿ, ಶಿಕ್ಷಣ ಇಲಾಖೆ ಈ ವರ್ಷನೇ ಶುರು ಮಾಡ್ಬೇಕು.

– ಒಬ್ಬ ಓದುಗ, ಚಿಂಚೋಳಿ